‘ಬರ್ರಿ’ ಅಂದರೆ ನೆಲ ಒದ್ದೆ

ಮಾನ ಹೋಗುವ ಪ್ರಸಂಗ ಬೇರೆಯವರ ಮನೆಯಲ್ಲಿ ವರ್ಷಕ್ಕೊಂದು ಆಗುತ್ತದೋ ಏನೋ, ನಮ್ಮ ಮನೆಯಲ್ಲಿ ಬಾಗಿಲ ಬೆಲ್ಲು ಬಾರಿಸಿದಾಗಲೆಲ್ಲ ಆಗುತ್ತಿತ್ತು. ಆಗ ಅಳು ಬರುತ್ತಿತ್ತು. ಈಗ ಯಾರಾದರೂ ಕೇಳಿದರೆ ಕುರ್ಚಿ ಎಳೆದುಕೊಂಡು ಕೂತು ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ನಾನು ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಅಡತಿ ಅಂಗಡಿ, ಅಂದರೆ ದಲಾಲಿ ಅಂಗಡಿ, ನಡೆಸಿದವನು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ. ಸಾಂಗಲಿ ಮತ್ತು ಮಿರಜ ಒಂದನ್ನೊಂದು ಮುಟ್ಟಲು ಹೊರಟಿದ್ದ ಕಾಲ ಅದು. ನಡುವಿನ ಜೋಳದ ಹೊಲಗಳಲ್ಲಿ ಅಪಾರ್ಟಮೆಂಟು ಏಳುತ್ತಿದ್ದವು. ಅರ್ಜಿ ಹಾಕಿ ಮರೆತೇಬಿಟ್ಟಿದ್ದ ಟೆಲಿಫೋನು ತಾನಾಗಿಯೇ ಮನೆಗೆ ಬಂತು, ಕೇಬಲ್ಲಿನವನು ಮಹಡಿಯಿಂದ ಮಹಡಿಗೆ ತಂತಿ ಎಸೆಯುತ್ತಿದ್ದ. ನಾವೂ ಊರೊಳಗಿನ ಗಲ್ಲಿಯ ಹಳೆ ಮನೆ ಮಾರಿ ಆ ರಸ್ತೆಯ ಮೇಲೊಂದು ಮೂರನೇ ಮಹಡಿಯ ಫ್ಲ್ಯಾಟಿಗೆ ಬಂದೆವು. ನಾವು ಅಂದರೆ ನಾನು, ಹೆಂಡತಿ, ಅವ್ವ ಮತ್ತು ಶಾಲೆಗೆ ಹೋಗುವ ಮಗಳು. ನೆಲಕ್ಕೆಲ್ಲ ಬಿಳಿ ಟೈಲ್ಸು. ಬಾಗಿಲಿಗೆ, ಒತ್ತಿದರೆ ಹಕ್ಕಿಯ ಹಾಗೆ ಚಿಲಿಪಿಲಿ ಅನ್ನುವ ಬೆಲ್ಲು. ಆ ಬೆಲ್ಲಿಗೂ ಆ ಟೈಲ್ಸಿಗೂ ನಡುವೆ ಒಂದು ನಾಯಿಮರಿ ಬಂದು ಸೇರಿಕೊಂಡಿತು.

ತೋಳದ ಮುಂದೆ ನಿಂತವಳ ಮಗ

ಕೆಳಗೆ ನಿಲ್ಲಿಸಿದ್ದ ಯಾರದೋ ಸ್ಕೂಟರಿನ ಸ್ಟೆಪ್ನಿ ಕಳುವಾಯಿತು. ಇಡೀ ಬಿಲ್ಡಿಂಗಿನಲ್ಲಿ ಕಳ್ಳರದೇ ಮಾತು. ನಾನು ನಾಯಿ ಸಾಕೋಣ ಅಂದೆ. ಹೆಂಡತಿ ಒಮ್ಮೆ ಬಿಳಿ ಟೈಲ್ಸ್ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ತರ್ರಿ. ಆದರ ಮನ್ಯಾಗ ಹೊಲಸು ಮಾಡಿತಂದ್ರ ಬಂದ ಹಾದೀಲೆ ತಿರುಗಿ ಹೋಗಬೇಕು. ಆಮ್ಯಾಲ ನನ್ನ ಮಾರಿ ನೋಡಬ್ಯಾಡ್ರಿ" ಅಂದಳು.

ಆರಗ ಎಂಬ ಹಳ್ಳಿಯಲ್ಲಿ ಕುರಿ ಸಾಕುವ ಒಬ್ಬ ಗೌಡರು ನಮ್ಮ ಅಂಗಡಿಗೆ ಅರಿಷಿಣ ತರುತ್ತಿದ್ದರು. ಅವರ ಹಟ್ಟಿಯ ನಾಯಿ ಮರಿ ಹಾಕಿತ್ತು. ಕಂಬಳಿಯಲ್ಲಿ ಸುತ್ತಿ ಒಂದು ಮರಿ ತಂದುಕೊಟ್ಟು, "ಇದರವ್ವ ತ್ವಾಳದ ಮುಂದ ಒಬ್ಬಾಕಿನ ನಿಂತಾಳ್ರಿ. ಇವನೂ ಹಂಗ ಆಗತಾನ ನೋಡ್ರಿ" ಅಂದರು. ಮಗಳು ಅದಕ್ಕೆ ವಾಘ್ಯಾ ಅಂತ ಹೆಸರಿಟ್ಟಳು. ಮರಾಠಿಯಲ್ಲಿ ವಾಘ ಅಂದರೆ ಹುಲಿ.

ಹುಲಿಯನ್ನು ನೋಡಲು ಮೊದಲು ಬಂದವರು ನಮ್ಮ ಸೊಸೈಟಿಯ ಚೇರಮನ್ನರು. ಆರಡಿ ಆಳು, ಕಲ್ಲಿಮೀಸೆ, ಮಾತಾಡಿದರೆ ಮೈಕು ಬೇಡ. ಸೊಂಟದ ಮೇಲೆ ಕೈಯಿಟ್ಟು ಬಾಗಿ, "ಅರೇ ವಾಘ್ಯಾ! ಇಕಡೆ ಯೇ!" ಅಂತ ಹತ್ತಿರ ಕರೆದರು. ತೋಳದ ಮುಂದೆ ನಿಂತವಳ ಮಗ ಕಿವಿ ಹಿಂದಕ್ಕೆ ಮಲಗಿಸಿ, ಬಾಲ ಹೊಟ್ಟೆಯ ಕೆಳಗೆ ಸೇರಿಸಿ, ಅಂಗಾತ ಬಿದ್ದು, ನಾಲ್ಕೂ ಕಾಲು ಮೇಲೆ ಮಾಡಿ ಕಾರಂಜಿ ಬಿಟ್ಟಿತು. ಅದು ಚೇರಮನ್ನರ ಇಸ್ತ್ರಿ ಪ್ಯಾಂಟಿನ ಮೊಳಕಾಲವರೆಗೆ ಹೋಯಿತು.

ಅವರು ಹೋದ ಮೇಲೆ ನನಗೆ ಮುಖ ಎತ್ತಲಾಗಲಿಲ್ಲ. ಕಳ್ಳರಿಗಾಗಿ ತಂದ ನಾಯಿ ಚೇರಮನ್ನರಿಗೇ ಇಷ್ಟು ಹೆದರಿದರೆ ಇನ್ನೇನು ಕಾವಲು ಕಾಯುತ್ತದೆ ಎಂದು ಗೊಣಗಿದೆ. ಹೆಂಡತಿ ಬಕೆಟ್ಟು ತರಲು ಹೋದಳು. ಮೂಲೆಯಲ್ಲಿ ಜಪಮಾಲೆ ಹಿಡಿದು ಕೂತಿದ್ದ ಅವ್ವ ಕಣ್ಣು ತೆರೆಯದೆಯೇ ಅಂದಳು: "ಇರ್ಲಿ ಬಿಡೋ. ಕಳ್ಳ ಬಂದ್ರ ಜಾರಿ ಬೀಳತಾನ."

ಮಿರಜಿನ ಬಸ್ಸಿನಲ್ಲಿ

ಮರಿ ಬೆಳೆಯಿತು, ಚಟವೂ ಬೆಳೆಯಿತು. ನಾನು ಸಂಜೆ ಪೇಟೆಯಿಂದ ಬಂದರೆ ಸಂತೋಷಕ್ಕೆ ಒದ್ದೆ. ಬೈದರೆ ಹೆದರಿಕೆಗೆ ಒದ್ದೆ. ಬೈದದ್ದು ತಪ್ಪಾಯಿತೆಂದು ತಲೆ ಸವರಿದರೆ ಸಮಾಧಾನಕ್ಕೆ ಒದ್ದೆ. ಹಾಗಂತ ಅದಕ್ಕೆ ಹೊರಗೆ ಹೋಗುವುದು ಗೊತ್ತಿರಲಿಲ್ಲ ಅಂತಲ್ಲ. ಬೆಳಿಗ್ಗೆ ಮಗಳ ಜೊತೆ ಇಳಿದು ಹೋಗಿ ಎಲ್ಲ ಕೆಲಸ ಅಚ್ಚುಕಟ್ಟಾಗಿ ಮುಗಿಸಿ ಬರುತ್ತಿತ್ತು. ಮನುಷ್ಯರನ್ನು ಕಂಡಾಗ ಮಾತ್ರ ಈ ಪಾಡು. ಕೋಣೆಯಲ್ಲಿ ಕೂಡಿಹಾಕಿ ನೋಡಿದೆವು. ಅದು ಅತ್ತ ಅಳುವಿಗೆ ಎದುರು ಬಿಲ್ಡಿಂಗಿನವರು ಕಿಟಕಿ ತೆರೆದು ಏನಾಯಿತೆಂದು ಕೇಳಿದರು.

"ಸಣ್ಣದೈತಿ ಅಂತ ಸುಮ್ನದೀನಿ. ಹಿಂಗ ನಡೀತಂದ್ರ ಆರಗದ ಬಸ್ಸು ಇದ್ದ ಐತಿ" ಅಂತ ಹೆಂಡತಿ ನೆಲ ಒರೆಸುತ್ತ ಅನ್ನತೊಡಗಿದಳು. ಅವಳ ತಪ್ಪೇನೂ ಇರಲಿಲ್ಲ, ಒರೆಸುವವಳು ಅವಳೇ. ಆದರೆ ಆ ಬಸ್ಸಿನ ಹೆಸರು ಬಂದರೆ ನಾನು ಎದ್ದು ಬಾಲ್ಕನಿಗೆ ಹೋಗಿಬಿಡುತ್ತಿದ್ದೆ. ಇಡೀ ದಿನ ಮೂಗಿನ ತುಂಬ ಅರಿಷಿಣದ ಧೂಳು ತುಂಬಿಸಿಕೊಂಡು ಬರುವ ನನ್ನನ್ನು ನೋಡಿ ಮೈಮರೆತು ಸಂತೋಷಪಡುವ ಜೀವ ಅದೊಂದೇ. ಆರಗಕ್ಕೆ ಕಳಿಸಿದರೆ ಅದಕ್ಕೇನೂ ಆಗುತ್ತಿರಲಿಲ್ಲ, ಕುರಿಗಳ ನಡುವೆ ಆರಾಮಾಗಿ ಇರುತ್ತಿತ್ತು. ಆಗುವುದೆಲ್ಲ ನನಗೆ ಮತ್ತು ಮಗಳಿಗೆ.

ಮಿರಜಿನ ಒಬ್ಬ ದನದ ಡಾಕ್ಟರಿಗೆ ಫೋನು ಮಾಡಿದೆ. "ಮೊದಲು ಮೂತ್ರ ತರ್ರಿ, ತಪಾಸಣಿ ಮಾಡೂಣು" ಅಂದರು. ತರುವುದೇನೂ ಕಷ್ಟವಾಗಲಿಲ್ಲ. ಮಗಳು ತಾಟು ಹಿಡಿದಳು, ನಾನು "ಬಾರೋ ರಾಜಾ" ಅಂದೆ, ಬಾಟಲಿ ತುಂಬಿತು.

ಮಿರಜ ಅಂದರೆ ದವಾಖಾನೆಗಳ ಊರು. ಆ ಬಸ್ಸಿನಲ್ಲಿ ಕೈಯಲ್ಲಿ ಬಾಟಲಿ ಹಿಡಿದು ಕೂತವನನ್ನು ಪಕ್ಕದವರು ಮಾತಾಡಿಸದೆ ಬಿಡುವುದಿಲ್ಲ. ನನ್ನ ಪಕ್ಕದಲ್ಲಿ ದೊಡ್ಡ ಕುಂಕುಮದ ಒಬ್ಬ ಅಜ್ಜಿ ಕೂತಿದ್ದರು. ಫೋನು ಬಂದರೂ ಅಜ್ಜಿಯರು ಬದಲಾಗುವುದಿಲ್ಲ.

"ಯಾರಿಗಿ ಆರಾಮಿಲ್ರಿ?" ಅಂದರು.

ನಾಯಿಯದು ಅನ್ನಲು ನಾಚಿಕೆಯಾಯಿತು. ತುಂಬಿದ ಬಸ್ಸು, ಬಾಟಲಿ ಬೇರೆ ನನ್ನ ತೊಡೆಯ ಮೇಲೆ. "ಮನ್ಯಾಗಿನ ಸಣ್ಣಾವಗ್ರಿ" ಅಂದೆ.

"ಅಯ್ಯ ಶಿವನ! ಏನಾಗೇತಿ?"

"ಯಾರರೆ ಮನಿಗೆ ಬಂದ್ರ ಸಾಕು, ನಿಂತಲ್ಲೆ ಉಚ್ಚಿ ಹೊಯ್ಕೋತಾನ್ರಿ."

ಅಜ್ಜಿ ಕನಿಕರದಿಂದ ತಲೆ ಅಲ್ಲಾಡಿಸಿದರು. ಎಳ್ಳುಂಡಿ ತಿನ್ನಿಸಿರಿ ಅಂದರು, ಸೊಂಟಕ್ಕೆ ಕರಿದಾರ ಕಟ್ಟಿರಿ ಅಂದರು. ಮುಂದಿನ ಸೀಟಿನವರೂ ತಿರುಗಿ ಒಂದೆರಡು ಔಷಧಿ ಹೇಳಿದರು. ಕೊನೆಗೆ ಅಜ್ಜಿಗೆ ನೆನಪಾಯಿತು. "ಅಂದಂಗ ವಯಸ್ಸೆಷ್ಟರೀ ಅವಗ?"

"ಏಳು ತಿಂಗಳರಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಂಡಕ್ಟರನಿಗೂ ಕೇಳುವ ಹಾಗೆ ಅಂದರು: "ಏಳು ತಿಂಗಳ ಕೂಸು ಉಚ್ಚಿ ಹೊಯ್ಯದ ಎದ್ದು ಸಂಡಾಸಕ್ಕ ಹೋಗತೈತೇನ್ರಿ? ನಿಮಗ ಬಡದೈತಿ ರೋಗ. ಆ ಬಾಟ್ಲಿ ಒಗದು ನಿಮ್ಮನ್ನ ತೋರಿಸ್ಕೋರಿ!"

ಡಾಕ್ಟರರ ಉಪದೇಶ

ಮೂತ್ರದಲ್ಲಿ ದೋಷವಿರಲಿಲ್ಲ. ಮರುದಿನ ರಿಕ್ಷಾದಲ್ಲಿ ನಾನು, ಹೆಂಡತಿ, ವಾಘ್ಯಾ ಮೂವರೂ ಹೋದೆವು. ಡಾಕ್ಟರು ಹುಡುಗ ವಯಸ್ಸಿನವರು, ಗಡಿಯ ಕಡೆಯವರೇ. ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಚಂದ ವಿವರಿಸಿದರು.

"ಇದು ರೋಗ ಅಲ್ರಿ, ಹಟಾನೂ ಅಲ್ಲ. ನಾಯಿಗೋಳ ಭಾಷಾದಾಗ ಇದು ನಮಸ್ಕಾರ. 'ನೀವು ದೊಡ್ಡಾವ್ರು, ನಾ ಸಣ್ಣಾವ, ನನಗೇನೂ ಮಾಡಬ್ಯಾಡ್ರಿ' ಅಂತ ಹೇಳತೈತಿ. ನೀವು ಬೈದ್ರಿ ಅಂದ್ರ ಅದಕ್ಕ ಏನನಸ್ತದ? ನನ್ನ ನಮಸ್ಕಾರ ಸಾಕಾಗಲಿಲ್ಲ ಅನಸ್ತದ. ಇನ್ನಷ್ಟು ಮಾಡತೈತಿ."

ಹೆಂಡತಿ ಬೆರಗಾದಳು. ಅವಳ ಮನಸ್ಸಿನಲ್ಲಿ ಅಷ್ಟು ದಿನದ ಬೈಗುಳ ಹಾದು ಹೋಗಿದ್ದು ಮುಖದ ಮೇಲೆ ಕಾಣುತ್ತಿತ್ತು.

ಡಾಕ್ಟರು ನಿಯಮ ಹೇಳಿದರು. ಮನೆಗೆ ಯಾರೇ ಬರಲಿ, ಸ್ವಂತ ಮಗಳೇ ಬರಲಿ, ಬಂದ ಕೂಡಲೇ ನಾಯಿಯನ್ನು ಮಾತಾಡಿಸಬಾರದು. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಮೈಮೇಲೆ ಬಾಗಬಾರದು, ತಲೆ ಮುಟ್ಟಬಾರದು. ಒದ್ದೆ ಮಾಡಿದರೂ ಮಾತಿಲ್ಲದೆ ಒರೆಸಬೇಕು. ಗದ್ದಲ ಮಾಡಬಾರದು. ಅದು ತಣ್ಣಗಾದ ಮೇಲೆ ಕೆಳಗೆ ಕೂತು, ಬೇರೆ ಕಡೆ ನೋಡುತ್ತ, ಅದಾಗಿಯೇ ಬಂದರೆ ಎದೆಯ ಕೆಳಗೆ ಸವರಬೇಕು. ದೊಡ್ಡದಾಗುತ್ತ ಧೈರ್ಯ ಬರುತ್ತದೆ, ಬಿಟ್ಟುಬಿಡುತ್ತದೆ.

"ಮತ್ತ ಬಂದ ಮಂದಿಗೆ ಬರ್ರಿ, ಕುಂದ್ರಿ ಅನ್ನೂದು ಹೆಂಗ್ರಿ?" ಅಂತ ಹೆಂಡತಿ ಕೇಳಿದಳು.

"ಅನಬ್ಯಾಡ್ರಿ. ಆ ಗದ್ದಲಕ್ಕ ಇದಕ್ಕ ಎಲ್ಲಾ ಸಡ್ಲ ಆಗತೈತಿ."

ನಮ್ಮ ಎದೆ ಹಗುರಾಯಿತು. ರೋಗವಿಲ್ಲ, ಕೆಟ್ಟ ಬುದ್ಧಿಯಲ್ಲ, ಹೋಗುವಂಥದ್ದು. ಎದ್ದು ನಿಂತೆವು. ವಾಘ್ಯಾ ಡಾಕ್ಟರರನ್ನೇ ನೋಡುತ್ತ ಬಾಲ ಅಲ್ಲಾಡಿಸಿತು. ಡಾಕ್ಟರು ಕುರ್ಚಿಯಿಂದ ಎದ್ದು ಬಂದು, ಬಾಗಿ, ಎರಡೂ ಕೈಯಿಂದ ಅದರ ತಲೆ ಹಿಡಿದು, "ಎಷ್ಟು ಛಲೋ ಇದೀಯೋ ನೀ!" ಅಂದರು. ಅವರ ಎರಡೂ ಬೂಟು ತುಂಬಿದವು.

ಡಾಕ್ಟರು ಒದ್ದೆ ಕಾಲಲ್ಲಿ ನಿಂತು ನಿಧಾನಕ್ಕೆ ಅಂದರು: "ನಾ ಮಾಡಿದಂಗ ಮಾಡಬಾರದು ನೋಡ್ರಿ. ಅದಕ್ಕ ತೋರಿಸಿದೆ."

ಅವ್ವನ ಮದ್ದು

ಅರಿಷಿಣ ವ್ಯಾಪಾರದವರ ಮನೆಯಲ್ಲಿ ಗಾಯಕ್ಕೂ ಅರಿಷಿಣ, ಕೆಮ್ಮಿಗೂ ಅರಿಷಿಣ, ಮದುವೆಗೂ ಅರಿಷಿಣ. ಬಿಳಿ ಟೈಲ್ಸಿನ ವಾಸನೆಗೂ ಅದೇ ಮದ್ದು ಎಂದು ಅವ್ವ ಒಂದು ಮಧ್ಯಾಹ್ನ, ಯಾರನ್ನೂ ಕೇಳದೆ, ಬಾಗಿಲ ಹತ್ತಿರದಿಂದ ಬಾಲ್ಕನಿಯವರೆಗೆ ಅರಿಷಿಣದ ನೀರು ಚೆಲ್ಲಿದಳು. ನೆಲ ಬಸವನ ಹುಳು ಹರಿದಾಡಿದ ಹಾಗೆ ಪಟ್ಟೆಪಟ್ಟೆ ಹಳದಿಯಾಯಿತು. ಹೆಂಡತಿ ಬಂದು ನೋಡಿ ಕಂಗಾಲಾಗಿ, ಬಟ್ಟೆ ಒಗೆಯುವ ಸೋಡಾ ಪುಡಿ ಸುರಿದು ಗಸಗಸ ತಿಕ್ಕಿದಳು.

ಅರಿಷಿಣಕ್ಕೆ ಸೋಡಾ ಬಿದ್ದರೆ ಕೆಂಪಾಗುತ್ತದೆ. ನನಗೆ ಗೊತ್ತಿತ್ತು, ಆದರೆ ನಾನು ಪೇಟೆಯಲ್ಲಿದ್ದೆ. ನೆಲ, ಬಕೆಟ್ಟು, ಚಿಂದಿ, ಅತ್ತೆ ಸೊಸೆಯರ ಕೈಕಾಲು, ಎಲ್ಲ ರಕ್ತದ ಬಣ್ಣ. ವಾಘ್ಯಾ ಗಾಬರಿಯಾಗಿ ಮಂಚದ ಕೆಳಗೆ ಸೇರಿತು. ಕೆಂಪು ನೀರು ಬಾಲ್ಕನಿಯ ತೂತಿನಿಂದ ಇಳಿದು ಕೆಳಗಿನ ಮನೆಯ ಮಾವಶಿ ಒಣಹಾಕಿದ ಬಿಳಿ ಚಾದರದ ಮೇಲೆ ಬಿತ್ತು.

ಮಾವಶಿ ಓಡಿ ಮೇಲೆ ಬಂದರು. ಒಳಗೆ ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತರು. ನಮ್ಮದು ಇರುವೆಗೂ ಸಕ್ಕರೆ ಹಾಕುವ ಜೈನರ ಮನೆ, ನೆಲದ ತುಂಬ ಕೆಂಪು, ನಡುವೆ ಸೀರೆ ಮೇಲೆ ಕಟ್ಟಿದ ಅವ್ವ. "ಅರೇ ದೇವಾ! ಕಾಯ ಝಾಲಂ? ಏನಾತ್ರಿ?" ಅಂದರು.

ಅವ್ವನಿಗೆ ನಾಯಿಯ ಸುದ್ದಿಯನ್ನು ಬಿಲ್ಡಿಂಗಿಗೆಲ್ಲ ಬಿಡಿಸಿ ಹೇಳುವುದು ಇಷ್ಟವಿರಲಿಲ್ಲ. ಹಣೆಯ ಬೆವರನ್ನು ಕೆಂಪು ಕೈಯಿಂದ ಒರೆಸಿಕೊಂಡು, "ಏನಿಲ್ಲ ತಂಗಿ. ನಾಯಿ ಭಾಳ ಕಾಡತಿತ್ತು. ಇನ್ನ ಮ್ಯಾಲ ಕಾಡೂದಿಲ್ಲ" ಅಂದಳು.

ಫ್ಯಾನು ನೋಡುವ ಮನೆ

ಡಾಕ್ಟರರ ನಿಯಮ ಹೇಳಲು ಸುಲಭ. ನಮ್ಮ ಕಡೆ ಮನೆಗೆ ಬಂದವರಿಗೆ "ಬರ್ರಿ ಬರ್ರಿ ಬರ್ರಿ" ಅಂತ ಮೂರು ಸಲವಾದರೂ ಅನ್ನದಿದ್ದರೆ ಅವರು ಬಂದದ್ದೇ ಲೆಕ್ಕಕ್ಕಿಲ್ಲ. ಅದೂ ಮೆತ್ತಗಲ್ಲ, ಓಣಿಯ ಆ ತುದಿಗೆ ಕೇಳಬೇಕು. ಕರೆಯದೆ ಹೊಸ್ತಿಲು ದಾಟುವವರೂ ಇಲ್ಲ. ಅವ್ವನಂತೂ ಇಡೀ ಆಯುಷ್ಯ ಬಾಯಿ ತುಂಬ ಬರ್ರಿ ಅಂದವಳು. ಈಗ ಬೆಲ್ಲು ಚಿಲಿಪಿಲಿ ಅಂದರೆ ಸೆರಗು ಬಾಯಿಗೆ ತುರುಕಿಕೊಂಡು ಕೂರತೊಡಗಿದಳು. ನಾಯಿಯ ಕಣ್ಣು ತಪ್ಪಿಸಲು ನಾನು ಮೇಲೆ ಫ್ಯಾನು ನೋಡುತ್ತಿದ್ದೆ. ಹೆಂಡತಿ ಗೋಡೆಯ ಕಡೆ ತಿರುಗುತ್ತಿದ್ದಳು. ಮನೆ ಒಣಗತೊಡಗಿತು. ನಮ್ಮ ಮಟ್ಟಿಗೆ ವಾಘ್ಯಾ ಗೆದ್ದಿತ್ತು. ಹೊರಗಿನವರ ಮಟ್ಟಿಗೆ ಇನ್ನೂ ಇಲ್ಲ.

ಕಸಬೆ ಡಿಗ್ರಜದಿಂದ ನನ್ನ ಅಕ್ಕ ಬದನೆಕಾಯಿ ಚೀಲ ಹೊತ್ತು ಬಂದಳು. ಬಾಗಿಲು ತೆರೆಯಿತು. ಯಾರೂ ಬಾ ಅನ್ನಲಿಲ್ಲ. ಅವಳು ಹೊಸ್ತಿಲ ಆಚೆ ನಿಂತಳು. ನಾನು ಫ್ಯಾನು ನೋಡುತ್ತಿದ್ದೆ. ಅಕ್ಕ ಸ್ವಲ್ಪ ಹೊತ್ತು ನನ್ನನ್ನು ನೋಡಿ, ಆಮೇಲೆ ತಾನೂ ತಲೆ ಎತ್ತಿ ಫ್ಯಾನು ನೋಡಿದಳು. "ಫ್ಯಾನಿಗೇನಾಗೇತಿ?" ಅಂದಳು. ನಾನು ತುಟಿಗೆ ಬೆರಳಿಟ್ಟು ಸನ್ನೆ ಮಾಡಿದೆ. ಅವಳು ಚೀಲ ಅಲ್ಲೇ ಇಟ್ಟು ತಿರುಗಿ ಮೆಟ್ಟಿಲಿಳಿದಳು. ನಾನು ಹಿಂದೆ ಓಡಿಹೋಗಿ ಕೈಹಿಡಿದು ಎಲ್ಲ ಹೇಳಿದೆ. ಅವಳು ನಂಬಿದಳೋ ಇಲ್ಲವೋ, ವಾರದೊಳಗೆ ಪೇಟೆಯಲ್ಲಿ ಮಂದಿ ಕೇಳತೊಡಗಿದರು: "ಫ್ಲ್ಯಾಟ್ ತಗೊಂಡ ಮ್ಯಾಲ ಬಂದವರಿಗಿ ಬರ್ರಿ ಅನ್ನೂದೂ ಬಿಟ್ಟೀರಂತಲ್ರಿ ಸಾವಕಾರ್ರ?"

ಇದು ಸರಿಯಲ್ಲವೆಂದು ಹೊಸ ಉಪಾಯ ಹೂಡಿದೆ. ಬರುವವರು ಗೊತ್ತಿದ್ದರೆ ನಾನೇ ಕೆಳಗಿಳಿದು, ಪಾರ್ಕಿಂಗಿನಲ್ಲಿ ನಿಂತು, ಬಿಲ್ಡಿಂಗು ನಡುಗುವ ಹಾಗೆ ಬರ್ರಿ ಬರ್ರಿ ಅಂದು, ಅಪ್ಪಿಕೊಂಡು, ಎಲ್ಲರ ಆರೋಗ್ಯ ವಿಚಾರಿಸಿ, ಮೆಟ್ಟಿಲು ಹತ್ತುವಾಗ ಬಾಯಿ ಮುಚ್ಚಿಬಿಡುತ್ತಿದ್ದೆ. ಹೆಂಡತಿಯ ತಂದೆಯನ್ನೂ ಹೀಗೇ ಕರೆತಂದೆ. ಅವರು ಎರಡು ದಿನ ಇದ್ದು ಹೋಗುವಾಗ ಮಗಳನ್ನು ಮೂಲೆಗೆ ಕರೆದು ಕೇಳಿದರಂತೆ: "ಅಳಿಯಂದ್ರು ಕೆಳಗ ಅಷ್ಟು ಛಲೋ ಇರತಾರ. ಮ್ಯಾಲ ಬಂದ ಕೂಡ್ಲೆ ಯಾಕ ಅಂಜತಾರ? ನೀ ಏನರೆ ಹೊಡೀತೀಯೇನ?"

ಧೂಳು ಹೀರುವ ಮಶೀನು

ಆಗ ಮನೆಮನೆಗೆ ಬಂದು ಸಾಮಾನು ಮಾರುವವರ ಹಾವಳಿ. ಒಬ್ಬ ಟೈ ಕಟ್ಟಿದ ತರುಣ ಧೂಳು ಹೀರುವ ಮಶೀನು ಹೊತ್ತು ಬಂದ. ಬೇರೆಯವರೆಲ್ಲ ಮುಖದ ಮೇಲೆ ಬಾಗಿಲು ಹಾಕುತ್ತಿದ್ದರೇನೋ, ನಾವು ಬಾಗಿಲು ತೆರೆದು ಏನೂ ಅನ್ನದೆ ಗೋಡೆ ನೋಡಿದ್ದನ್ನು ಒಪ್ಪಿಗೆ ಅಂದುಕೊಂಡು ಒಳಗೆ ಬಂದ. ನಾವು ತಡೆಯುವುದರೊಳಗೆ "ಕಿತೀ ಗೋಡ!" ಎಷ್ಟು ಮುದ್ದಾಗಿದೆ ಎಂದು ಮರಾಠಿಯಲ್ಲಿ ಕೊಂಡಾಡಿ ವಾಘ್ಯಾನ ಗಲ್ಲ ಹಿಂಡಿದ.

ನೆಲದ ಮೇಲೆ ಹಳ್ಳ ಹರಿಯಿತು. ಅವನಿಗೆ ಸಂತೋಷವೇ ಆಯಿತು. ಇದೇ ಪರೀಕ್ಷೆ ನೋಡ್ರಿ, ನಮ್ಮ ಮಶೀನು ಏನನ್ನೂ ಬಿಡುವುದಿಲ್ಲ ಅಂತ ಸೊಂಡಿಲು ಅದರಲ್ಲಿಟ್ಟು ಗುಂಡಿ ಒತ್ತಿದ. ಅದು ಒಣ ಧೂಳಿನ ಮಶೀನು. ಗುರ್ ಅಂತ ಎಳೆದುಕೊಂಡಿತು, ಕೆಮ್ಮಿತು, ಹಿಂದಿನ ತೂತಿನಿಂದ ಅವನ ಟೈ ಮೇಲೆ ಪೂರ್ತಿ ತಿರುಗಿ ಕೊಟ್ಟು ಸುಮ್ಮನಾಯಿತು.

ಹೆಂಡತಿ ಅವನಿಗೆ ಟವೆಲ್ಲು ಕೊಟ್ಟು ಸಮಾಧಾನದಿಂದ ಅಂದಳು: "ಮಶೀನು ಛಲೋ ಐತ್ರಿ. ಆದರ ಇಂಥಾದ್ದು ನಮ್ಮ ಮನ್ಯಾಗ ಆಗಲೇ ಒಂದೈತಿ."

ಮ್ಹೈಸಾಳದ ಕಾಕಾ

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆತನಕ್ಕೆ ಹಿರಿಯರು ಅಂದರೆ ಮ್ಹೈಸಾಳದ ಕಾಕಾ, ಅಪ್ಪನ ತಮ್ಮ. ಕೃಷ್ಣೆಯ ದಂಡೆಯಲ್ಲಿ ಕಬ್ಬು ಬೆಳೆದವರು, ಬಿಳಿ ಧೋತರ, ಬಿಳಿ ಟೋಪಿ, ಮಾತು ಕಡಿಮೆ. ನಾವು ಗಲ್ಲಿಯ ಮನೆ ಮಾರಿದ ಮೇಲೆ ಅವರು ನಮ್ಮ ಕಡೆ ಬರಲೇ ಇಲ್ಲ. ಗೃಹಪ್ರವೇಶದ ಶಾಂತಿಗೂ ಬರಲಿಲ್ಲ. ಕಾಕಾಗೆ ಸಿಟ್ಟು ಬಂದಿದೆ ಎಂದು ಬಳಗದವರೆಲ್ಲ ಮಾತಾಡಿಕೊಂಡರು. ಅವ್ವ ಒಳಗೊಳಗೇ ಕೊರಗಿದಳು.

ಅಂಥ ಕಾಕಾ ಒಂದು ದಿನ ಊರಿನ ಬೂತಿನಿಂದ ಫೋನು ಮಾಡಿ, "ನಾಳಿ ಬರ್ತೀನಿ. ಹೊತ್ತು ಮುಳುಗೂದ್ರೊಳಗ ಊಟಾ ಮಾಡಿ ಹೊಳ್ಳಿ ಹೋಗ್ತೀನಿ" ಅಂದರು.

ಮನೆಯಲ್ಲಿ ಹಬ್ಬ, ಜೊತೆಗೇ ಚಳಿಜ್ವರ. ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನನ್ನೆದುರು ನಿಂತಳು. "ನೋಡ್ರಿ, ಇಷ್ಟು ದಿನಾ ನಾ ಸುಮ್ನಿದ್ದೆ. ಸಿಟ್ಟಾದ ಹಿರ್ಯಾರು ತಾವಾಗಿ ಮನಿಗಿ ಬರಾಕತ್ಯಾರ. ಅವರ ಧೋತರದ ಮ್ಯಾಲ ಒಂದು ಹನಿ ಬಿತ್ತಂದ್ರ ನಾಡದ ಇದು ಆರಗಕ್ಕ. ಇದು ಕಡೀ ಮಾತು."

ಮಗಳು ತಾಟಿನ ಮುಂದಿಂದ ಎದ್ದು ಹೋಗಿ ನಾಯಿಯ ಪಕ್ಕ ಗೋಡೆಗೆ ಮುಖ ಮಾಡಿ ಕೂತಳು. ನನಗೂ ಅನ್ನ ಇಳಿಯಲಿಲ್ಲ. ನಾಯಿ ಮಾತ್ರ ಹೊಟ್ಟೆ ತುಂಬ ಉಂಡಿತು.

ಬಸ್ ಸ್ಟಾಪಿಗೇ ಹೋಗಿ ಕಾಕಾಗೆ ಎಲ್ಲ ತಿಳಿಸಿ, ತಲೆ ಮುಟ್ಟಬೇಡಿರೆಂದು ಬೇಡಿಕೊಂಡು, ಮೆಲ್ಲಗೆ ಕರೆತರುವುದು ನನ್ನ ಯೋಜನೆ. ಮರುದಿನ ಅಂಗಿ ಹಾಕಿಕೊಳ್ಳುತ್ತಿದ್ದೆ, ಅಷ್ಟರಲ್ಲೇ ಬೆಲ್ಲು ಚಿಲಿಪಿಲಿ ಅಂದಿತು. ಕಾಕಾ ಬಸ್ಸಿಗೆ ಬಂದಿರಲಿಲ್ಲ, ನೆರೆಮನೆಯವರ ಹೊಸ ಜೀಪಿನಲ್ಲಿ ಬಂದಿಳಿದಿದ್ದರು.

ಮಗಳು ಬಾಗಿಲು ತೆರೆದು ಸದ್ದಿಲ್ಲದೆ ಪಕ್ಕಕ್ಕೆ ಸರಿದಳು. ಹೊಸ್ತಿಲ ಆಚೆ ಕಾಕಾ, ಗರಿಗರಿ ಧೋತರ, ಕೈಯಲ್ಲಿ ಬೆಲ್ಲದ ಚೀಲ. ಒಳಗೆ ನಾವು. ಅವ್ವನ ಬಾಯಲ್ಲಿ ಸೆರಗು, ಕಣ್ಣಲ್ಲಿ ನೀರು, ಅಷ್ಟು ದಿನದ ಮೇಲೆ ಬಂದ ಮೈದುನನಿಗೆ ಬಾ ಅನ್ನಲಾಗದ ಸಂಕಟಕ್ಕೆ. ಹೆಂಡತಿ ಗೋಡೆಗೆ ಹಣೆ ಹಚ್ಚಿದ್ದಳು. ನಾನು ಅರ್ಧ ಗುಂಡಿ ಹಾಕಿದ ಅಂಗಿಯಲ್ಲಿ ಫ್ಯಾನು ನೋಡುತ್ತಿದ್ದೆ. ನಡುವೆ ವಾಘ್ಯಾ, ಕಿವಿ ಹಿಂದೆ ಮಲಗಿಸಿ, ಬಾಲ ಅಲ್ಲಾಡಿಸಲೋ ಬೇಡವೋ ಎಂದು ಯೋಚಿಸುತ್ತಿತ್ತು.

ಕಾಕಾ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಮೆಲ್ಲಗೆ ಟೋಪಿ ತೆಗೆದರು.

"ಯಾರು ಹ್ವಾದ್ರು?" ಅಂದರು.

ಅವ್ವ ಸೆರಗನ್ನು ಇನ್ನಷ್ಟು ಒಳಗೆ ತುರುಕಿಕೊಂಡಳು. ವಾಘ್ಯಾ ಒಂದು ಹೆಜ್ಜೆ ಮುಂದಿಟ್ಟಿತ್ತು.

ಕಾಕಾ ಬೆಲ್ಲದ ಚೀಲ ಕೆಳಗಿಟ್ಟರು. ಹೊಸ್ತಿಲ ಒಳಗೆ ಗೋಡೆಗೊರಗಿ ನೆಲದ ಮೇಲೇ ಕುಸಿದು, ಮುಖ ಆ ಕಡೆ ತಿರುಗಿಸಿ, ತಲೆ ಬಗ್ಗಿಸಿ, ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳತೊಡಗಿದರು. "ಹೇಳೂದು ಆಗವಲ್ದು ನಿಮಗ, ತಿಳೀತು. ಹೇಳಬ್ಯಾಡ್ರಿ. ಎಂಥಾ ಮನಷ್ಯಾ! ಯಾರಿಗೂ ಒಂದು ಮಾತು ಅಂದಾವಲ್ಲ..." ಅಷ್ಟು ಹೇಳಿ ಬಿಕ್ಕಿ, ಮತ್ತೆ ಸ್ವಲ್ಪ ಯೋಚಿಸಿ ಅಂದರು, "ಯಾರ ಇರ್ಲಿ, ಭಾಳ ಛಲೋ ಮನಷ್ಯಾ ಇದ್ದ."

ನಾನು ನಗು ಬರದಂತೆ ತುಟಿ ಕಚ್ಚಿಕೊಂಡೆ, ಆದರೆ ಕಣ್ಣು ನಾಯಿಯ ಮೇಲೆ. ವಾಘ್ಯಾ ಕಾಕಾನ ಹತ್ತಿರ ಹೋಯಿತು. ಇಷ್ಟು ಚಂದ ಕೆಳಗೆ ಕೂತು, ಬೇರೆ ಕಡೆ ನೋಡುವ ಮನುಷ್ಯನನ್ನು ಅದು ಕಂಡೇ ಇರಲಿಲ್ಲ. ಡಾಕ್ಟರರೂ ಹೀಗೆ ಕೂತಿರಲಿಲ್ಲ. ಧೋತರ ಮೂಸಿತು, ಕೈ ನೆಕ್ಕಿತು, ಗದ್ದವನ್ನು ಅವರ ಮೊಳಕಾಲ ಮೇಲಿಟ್ಟು ನಿಟ್ಟುಸಿರು ಬಿಟ್ಟಿತು. ಕಾಕಾ ಅಳುತ್ತಲೇ ಅದರ ಎದೆ ಸವರಿದರು.

ಮಗಳು ನೆಲಕ್ಕೆ ಮೂಗು ತಾಗುವ ಹಾಗೆ ಬಗ್ಗಿ ನೋಡಿ ಕೂಗಿದಳು: "ಒಣಾ ಐತಿ! ಮಮ್ಮಿ, ಒಣಾ ಐತಿ!"

ಅವ್ವನ ಬಾಯಿಂದ ಸೆರಗು ಬಿದ್ದು ನಗು ಹೊರಬಂತು. ಹೆಂಡತಿ ಗೋಡೆಗೇ ಹಣೆ ಬಡಿದುಕೊಂಡು ನಕ್ಕಳು. ನಾನು ಬಿದ್ದು ಬಿದ್ದು ನಕ್ಕೆ, ಅರ್ಧ ಅಳುವೂ ಇತ್ತು ಅದರಲ್ಲಿ. ಅಷ್ಟು ಗದ್ದಲದಲ್ಲೂ ನಾಯಿ ಗದ್ದ ಎತ್ತಲಿಲ್ಲ, ನೆಲ ಒಣಗೇ ಇತ್ತು.

ಸತ್ತವರ ಮನೆಯಲ್ಲಿ ಹೀಗೆ ನಗುವವರನ್ನು ಕಾಕಾ ಬಾಯಿ ತೆರೆದು ನೋಡಿದರು. "ಯಾರೂ ಹೋಗಿಲ್ರಿ ಕಾಕಾ. ಬರ್ರಿ ಅಂದ್ರ ಈ ನಾಯಿ ಉಚ್ಚಿ ಹೊಯ್ತೈತಿ, ಅದಕ್ಕ ಎಲ್ಲಾರೂ ಬಾಯಿ ಮುಚ್ಚಿದ್ವಿ" ಅಂದೆ. ಮಗಳು ಆರಗದ ಬಸ್ಸಿನ ಕತೆಯನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು.

ಕಾಕಾ ನಾಯಿಯನ್ನು ನೋಡಿದರು, ನಮ್ಮನ್ನು ನೋಡಿದರು. ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ. ಗೋಡೆಗೆ ತಲೆ ಹಚ್ಚಿ, ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆ ಮನುಷ್ಯ ಹಾಗೆ ನಕ್ಕಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನಗುತ್ತ ನಗುತ್ತ ತಟ್ಟನೆ ನಗು ನಿಲ್ಲಿಸಿದರು. "ಬಚ್ಚಲ ಎಲ್ಲೈತಿ?" ಅಂದರು. ಏಳಲು ಹೋದರು. ಆಮೇಲೆ ನಿಧಾನಕ್ಕೆ ತಿರುಗಿ ಕೂತರು. ತಡವಾಗಿತ್ತು. ಬಿಳಿ ಟೈಲ್ಸಿನ ಮೇಲೆ ಅದು ನಮ್ಮೆಲ್ಲರಿಗೂ ಕಾಣಿಸಿತು.

ಕಾಕಾ ತಲೆ ತಗ್ಗಿಸಿ ಹೇಳಿದರು. "ಕೆಮ್ಮಿದ್ರ, ನಕ್ರ ಹಿಂಗ ಆಗತೈತೆಪಾ. ಹೇಳೂದ್ಯಾರಿಗಿ? ಬಸ್ಸಿನ್ಯಾಗ ಕುಂದ್ರಾಕ ಅಂಜಿಕಿ. ಅದಕ್ಕ ನಿಮ್ಮ ಮನಿ ಶಾಂತಿಗೂ ಬರಲಿಲ್ಲ. ಸಿಟ್ಟಾಗ್ಯಾನ ಅಂದ್ರು ಮಂದಿ. ಅಂದ್ರ ಅನ್ಲಿ ಅಂತ ಸುಮ್ನಾದೆ. ಜೀಪಾದ್ರ ಬೇಕಾದಲ್ಲಿ ನಿಲ್ಲಸಬೌದು, ಅದಕ್ಕ ಇವತ್ತ ಧೈರ್ಯಾ ಮಾಡಿದೆ."

ಅವ್ವ ಹಾಗೇ ನೋಡುತ್ತಿದ್ದವಳು, "ಇಷ್ಟ ಏನೋ? ನಾ ಎಷ್ಟು ಅತ್ತೀನಿ" ಅಂದಳು. ಅವಳ ಎದೆಯ ಮೇಲಿನ ಕಲ್ಲು ಇಳಿದದ್ದು ನನಗೆ ಕಂಡಿತು. ನನ್ನದೂ ಇಳಿಯಿತು. ಹೆಂಡತಿ ಅಷ್ಟರಲ್ಲಿ ನನ್ನ ಹೊಸ ಧೋತರ ತಂದು ಬಚ್ಚಲಲ್ಲಿಟ್ಟಿದ್ದಳು. ಬಂದು, ಡಾಕ್ಟರು ಕಲಿಸಿದ ಹಾಗೆ, ಕಣ್ಣಲ್ಲಿ ಕಣ್ಣಿಡದೆ, ಒಂದು ಮಾತೂ ಆಡದೆ, ಬೇರೆ ಕಡೆ ನೋಡುತ್ತ ನೆಲ ಒರೆಸಿದಳು.

ಕಾಕಾ ಧೋತರ ಬದಲಿಸಿ ಬಂದು ಸೋಫಾ ಮೇಲೆ ಕೂತರು. ವಾಘ್ಯಾ ಅವರ ಪಾದದ ಮೇಲೆ ತಲೆಯಿಟ್ಟು ಮಲಗಿತು. ಹೆಂಡತಿ ನೀರು ಬೆಲ್ಲ ತಂದಿಟ್ಟಳು. ಕಾಕಾ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಗಂಭೀರವಾಗಿ ಅವಳನ್ನು ಕೇಳಿದರು:

"ಅಲ್ಲವಾ, ಈ ಮನ್ಯಾಗ ನೆಲಾ ಒದ್ದಿ ಮಾಡಿದಾವ್ರನ್ನ ಆರಗಕ್ಕ ಕಳಸ್ತೀಯಂತಲ್ಲ. ನಂದು ಬಸ್ಸು ಎಷ್ಟಕ್ಕೈತಿ?"